ಬಿಚ್ಚಿಕೊಳ್ಳುವ ರೋಟರ್‌ನ ಕಿರು ರಕ್ತಪಂಪ್

ಮಡಚಿದ ಸ್ಥಿತಿಯಲ್ಲಿ ರಕ್ತನಾಳದೊಳಗೆ ಸಾಗಿ, ಹೃದಯವನ್ನು ಮುಟ್ಟಿದ ಮೇಲೆ ಅರಳಿಕೊಂಡು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ರಕ್ತವನ್ನು ಮಹಾಪಧಮನಿಗೆ ತಳ್ಳುವ ತಾತ್ಕಾಲಿಕ ವೈದ್ಯಕೀಯ ಸಾಧನ. ಹೃದಯಾಘಾತದಿಂದ ಸೋತ ಎಡ ಹೃತ್ಕುಕ್ಷಿಗೆ ಕೆಲವು ಗಂಟೆ ಅಥವಾ ಕೆಲವು ದಿನ ಆಸರೆಯಾಗುವುದು, ಅಪಾಯಕಾರಿ ಆಂಜಿಯೋಪ್ಲಾಸ್ಟಿಯ ವೇಳೆ ರಕ್ತಸಂಚಾರ ಕುಸಿಯದಂತೆ ಕಾಯುವುದು ಇದರ ಕೆಲಸ. ಎದೆ ಸೀಳುವ ಶಸ್ತ್ರಕ್ರಿಯೆ ಬೇಕಿಲ್ಲ. ತೊಡೆಸಂದಿನ ಅಪಧಮನಿಯಲ್ಲಿ ಮಾಡಿದ ಒಂದು ಸಣ್ಣ ರಂಧ್ರದ ಮೂಲಕ ಕ್ಯಾಥೆಟರ್ ಎಂಬ ತೆಳು ಕೊಳವೆಯ ತುದಿಯಲ್ಲಿ ಇದನ್ನು ಒಳಗೆ ಕಳಿಸುತ್ತಾರೆ. ಒಳಹೋಗುವಾಗಿನ ವ್ಯಾಸವನ್ನೂ ಕೆಲಸ ಮಾಡುವಾಗಿನ ವ್ಯಾಸವನ್ನೂ ಬೇರೆ ಬೇರೆಯಾಗಿಸುವುದೇ ಈ ವಿನ್ಯಾಸದ ಮುಖ್ಯ ಸಾಧನೆ. ಈ ಪಂಪ್‌ನ ಎಂಜಿನಿಯರಿಂಗ್ ಸಮಸ್ಯೆಗಳೂ ರೋಗಿಗೆ ಸಿಗುವ ಲಾಭನಷ್ಟಗಳೂ ಹೆಚ್ಚಿನಂಶ ಈ ಎರಡು ವ್ಯಾಸಗಳ ನಡುವಿನ ಅಂತರದಿಂದಲೇ ಹುಟ್ಟುತ್ತವೆ.

ಅಗತ್ಯ

ವಿಶ್ರಾಂತ ಸ್ಥಿತಿಯಲ್ಲಿ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುತ್ತದೆ. ದೊಡ್ಡ ಹೃದಯಾಘಾತದಲ್ಲಿ ಎಡ ಹೃತ್ಕುಕ್ಷಿಯ ಬಹುಭಾಗ ಸ್ತಬ್ಧವಾದರೆ ರಕ್ತದೊತ್ತಡ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ನಿಲ್ಲುತ್ತದೆ. ಇದಕ್ಕೆ ಹೃದಯಜನ್ಯ ಆಘಾತ, ಅಂದರೆ ಕಾರ್ಡಿಯೋಜೆನಿಕ್ ಶಾಕ್ ಎಂದು ಹೆಸರು. ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆದ ಮೇಲೂ ಈ ಸ್ಥಿತಿಗೆ ಜಾರಿದವರಲ್ಲಿ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಔಷಧಿಯಿಂದ ಹೃದಯವನ್ನು ಜೋರಾಗಿ ಬಡಿಸಬಹುದು. ಆದರೆ ಬಳಲಿದ ಸ್ನಾಯುವಿಗೆ ಆಗ ಇನ್ನೂ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಹೃತ್ಕುಕ್ಷಿಯ ಕೆಲಸದ ಒಂದು ಪಾಲನ್ನು ಹೊರಗಿನ ಯಂತ್ರ ಹೊತ್ತುಕೊಂಡರೆ ಸ್ನಾಯುವಿಗೆ ಬಿಡುವು ಸಿಗುತ್ತದೆ.

ಮಹಾಪಧಮನಿಯಲ್ಲಿ ಬಲೂನನ್ನು ಉಬ್ಬಿಸಿ ತಗ್ಗಿಸುವ ವಿಧಾನ 1960ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಅದು ರಕ್ತವನ್ನು ತಾನೇ ಸಾಗಿಸುವುದಿಲ್ಲ. ಹೃದಯದ ಬಡಿತಕ್ಕೆ ಅನುಕೂಲ ಒದಗಿಸುತ್ತದೆ ಅಷ್ಟೆ. ಹೃದಯಜನ್ಯ ಆಘಾತದ 600 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಲೂನಿನಿಂದ ಸಾವು ತಗ್ಗಿದ್ದು ಕಾಣಲಿಲ್ಲ. ರಕ್ತವನ್ನು ನಿಜವಾಗಿ ಎತ್ತಿ ಸಾಗಿಸುವ ಪಂಪ್‌ಗಳತ್ತ ಗಮನ ಹರಿಯಲು ಇದೂ ಒಂದು ಕಾರಣ.

ಇತಿಹಾಸ

ಕ್ಯಾಥೆಟರ್ ತುದಿಯ ಪಂಪ್‌ಗೆ ದಾರಿ ಹಾಕಿದವನು ಅಮೆರಿಕದ ವೈದ್ಯ ರಿಚರ್ಡ್ ವಾಂಪ್ಲರ್. ಈಜಿಪ್ಟಿನಲ್ಲಿ ಜನ ಆರ್ಕಿಮಿಡೀಸ್ ತಿರುಪಿನಿಂದ ಹೊಲಕ್ಕೆ ನೀರೆತ್ತುತ್ತಿದ್ದುದನ್ನು ಕಂಡು, ಅದೇ ತತ್ವದಲ್ಲಿ ರಕ್ತವನ್ನೂ ಎತ್ತಬಹುದೆಂದು ಅವನಿಗೆ ಹೊಳೆಯಿತು. ಹೀಗೆ ರೂಪುಗೊಂಡ ಹೀಮೋಪಂಪ್ 1988ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಆಸರೆಯಾಯಿತು. ರೋಟರ್ ಹೃದಯದ ಬಳಿ, ಮೋಟರ್ ದೇಹದ ಹೊರಗೆ. ನಡುವೆ ಬಾಗುವ ಉಕ್ಕಿನ ಕೇಬಲ್. ಅಷ್ಟು ವೇಗವಾಗಿ ತಿರುಗುವ ರೋಟರ್ ರಕ್ತಕಣಗಳನ್ನು ನುಚ್ಚು ಮಾಡದೆ ಬಿಡದು ಎಂಬ ಅನುಮಾನವನ್ನು ಅದು ದೂರ ಮಾಡಿತು. ಆದರೆ ಮೊದಲ ಮಾದರಿಯ ವ್ಯಾಸ ಸುಮಾರು 7 ಮಿ.ಮೀ.; ಅದನ್ನು ಒಳಗೆ ಕಳಿಸಲು ಅಪಧಮನಿಯನ್ನು ಶಸ್ತ್ರಕ್ರಿಯೆಯಿಂದ ತೆರೆಯಬೇಕಿತ್ತು.

ಮುಂದೆ ಜರ್ಮನಿಯ ಆಖೆನ್ ನಗರದಲ್ಲಿ ಇಂಪೆಲ್ಲಾ ಪಂಪ್ ರೂಪುಗೊಂಡಿತು. ಇದರಲ್ಲಿ ಪುಟ್ಟ ಮೋಟರನ್ನೂ ಕ್ಯಾಥೆಟರ್ ತುದಿಯಲ್ಲೇ ಕೂರಿಸಲಾಗಿದೆ. 2005ರಲ್ಲಿ ಇದನ್ನು ತಯಾರಿಸುವ ಸಂಸ್ಥೆಯನ್ನು ಅಮೆರಿಕದ ಅಬಿಯೋಮೆಡ್ ಕೊಂಡುಕೊಂಡಿತು. 2022ರ ಕೊನೆಗೆ ಅಬಿಯೋಮೆಡ್ ಜಾನ್ಸನ್ ಅಂಡ್ ಜಾನ್ಸನ್‌ನ ಪಾಲಾಯಿತು. ಇಂಪೆಲ್ಲಾ ಮಡಚುವ ಪಂಪ್ ಅಲ್ಲ. ಅದರ ಸಿಪಿ ಮಾದರಿಯ ವ್ಯಾಸ 14 ಫ್ರೆಂಚ್. ಕ್ಯಾಥೆಟರ್ ಅಳತೆಯಲ್ಲಿ 3 ಫ್ರೆಂಚ್ ಅಂದರೆ 1 ಮಿ.ಮೀ.; ಹಾಗಾಗಿ 14 ಫ್ರೆಂಚ್ ಸುಮಾರು 4.7 ಮಿ.ಮೀ.

ಮಡಚುವ ರೆಕ್ಕೆಗಳ ಕಲ್ಪನೆಯನ್ನು ಮೊದಮೊದಲು ಕಾರ್ಯರೂಪಕ್ಕೆ ತಂದವರಲ್ಲಿ ಸ್ವೀಡನ್ನಿನ ಓಯ್ವಿಂದ್ ರೈಟಾನ್ ಒಬ್ಬ. ಅವನ ಪಂಪ್‌ನಲ್ಲಿ ಕೀಲಿನ ಮೇಲೆ ತೆರೆದುಕೊಳ್ಳುವ ಪ್ರೊಪೆಲ್ಲರ್ ಒಂದು ತಂತಿಗೂಡಿನೊಳಗೆ ತಿರುಗುತ್ತದೆ. ಅದರ ಸ್ಥಾನ ಹೃದಯವಲ್ಲ, ಕೆಳಗಿಳಿಯುವ ಮಹಾಪಧಮನಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ನಡುವಿನ ದಿಂಡಾದ ಹಬ್‌ಗೆ ಸುತ್ತಿಕೊಳ್ಳುವ ಮೆತುವಾದ ರೆಕ್ಕೆಗಳ ಇಂಪೆಲ್ಲರನ್ನು ವಿನ್ಯಾಸ ಮಾಡಿ 2008ರಲ್ಲಿ ಪೇಟೆಂಟ್ ಪಡೆಯಿತು. ಥೊರಾಟೆಕ್ ಸಂಸ್ಥೆಯ ಹಾರ್ಟ್‌ಮೇಟ್ ಪಿಎಚ್‌ಪಿ ಇದೇ ಬಗೆಯದು: 14 ಫ್ರೆಂಚ್ ಅಳತೆಯಲ್ಲಿ ಒಳಹೋಗಿ 24 ಫ್ರೆಂಚ್‌ಗೆ, ಅಂದರೆ 8 ಮಿ.ಮೀ.ಗೆ ಅರಳುತ್ತಿತ್ತು. 2015ರಲ್ಲಿ ಯೂರೋಪಿನ ಮಾನ್ಯತೆ ದೊರೆತರೂ ವ್ಯಾಪಕ ಬಳಕೆಗೆ ಬರಲಿಲ್ಲ. 9 ಫ್ರೆಂಚ್‌ನಲ್ಲಿ ಒಳಹೋಗಿ 18 ಫ್ರೆಂಚ್‌ಗೆ ಬಿಚ್ಚಿಕೊಳ್ಳುವ ಇಂಪೆಲ್ಲಾ ಇಸಿಪಿಯನ್ನು 2020ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಲಾಯಿತು. ಇಸ್ರೇಲಿನ ಮೆಜೆಂಟಾ ಮೆಡಿಕಲ್ ಸಂಸ್ಥೆಯ ಎಲಿವೇಟ್ ಕೂಡ ಮಡಚುವ ರೋಟರ್‌ನ ಪಂಪ್.

ವ್ಯಾಸದ ಲೆಕ್ಕ

ಗದಗ ಜಿಲ್ಲೆಯ ರೋಣ, ಗಜೇಂದ್ರಗಡದ ಕಡೆ ಬೋರ್‌ವೆಲ್ ಇರುವ ರೈತರಿಗೆ ಈ ಸಮಸ್ಯೆಯ ಅರ್ಧಭಾಗ ಆಗಲೇ ಗೊತ್ತು. ಕೇಸಿಂಗ್ ಪೈಪಿನಲ್ಲಿ ಇಳಿಯುವಷ್ಟೇ ದಪ್ಪದ ಸಬ್‌ಮರ್ಸಿಬಲ್ ಪಂಪ್ ಬಿಡಬೇಕು. ಇಂಪೆಲ್ಲರನ್ನು ಅಗಲ ಮಾಡಲು ಜಾಗವಿಲ್ಲ; ಆದ್ದರಿಂದ ಒಂದರ ಮೇಲೊಂದು ಸ್ಟೇಜ್ ಏರಿಸಿ ನೀರನ್ನು ಮೇಲೆತ್ತುತ್ತಾರೆ. ರಕ್ತಪಂಪ್‌ಗೆ ಸ್ಟೇಜ್ ಏರಿಸುವ ದಾರಿ ಸುಲಭವಲ್ಲ. ಮಹಾಪಧಮನಿಯ ಕಮಾನಿನ ತಿರುವನ್ನು ಉದ್ದವಾದ ಗಟ್ಟಿ ಪಂಪ್ ದಾಟಲಾರದು, ಮೇಲಾಗಿ ಪ್ರತಿ ಸ್ಟೇಜೂ ರಕ್ತಕಣಗಳಿಗೆ ಹೊಸ ಪೆಟ್ಟು ಕೊಡುತ್ತದೆ. ಉಳಿಯುವ ದಾರಿ ಎರಡೇ: ಸಣ್ಣ ರೋಟರನ್ನು ಬಹಳ ವೇಗವಾಗಿ ತಿರುಗಿಸುವುದು ಅಥವಾ ರೋಟರನ್ನು ಒಳಗೆ ಹೋದ ಮೇಲೆ ದೊಡ್ಡದಾಗಿಸುವುದು.

ಇವೆರಡರ ವ್ಯತ್ಯಾಸ ಎಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ನಿಮಿಷಕ್ಕೆ 3.5 ಲೀಟರ್ ಅಂದರೆ ಸೆಕೆಂಡಿಗೆ ಸುಮಾರು 58 ಮಿ.ಲೀ. ಇದು 4 ಮಿ.ಮೀ. ವ್ಯಾಸದ ನಳಿಕೆಯಲ್ಲಿ ಹರಿಯಬೇಕಾದರೆ ವೇಗ ಸೆಕೆಂಡಿಗೆ 4.6 ಮೀಟರ್. ಆ ವೇಗದಲ್ಲಿ ರಕ್ತದ ಚಲನಶಕ್ತಿಯನ್ನು ಒತ್ತಡವಾಗಿ ಅಳೆದರೆ ಸುಮಾರು 85 ಮಿ.ಮೀ. ಪಾದರಸ, ಅಂದರೆ ಮಹಾಪಧಮನಿಯ ಸರಾಸರಿ ಒತ್ತಡಕ್ಕೆ ಹತ್ತಿರ. ಇದೇ ಹರಿವು 6 ಮಿ.ಮೀ. ನಳಿಕೆಯಲ್ಲಾದರೆ ವೇಗ 2.1 ಮೀಟರ್‌ಗೆ ಇಳಿಯುತ್ತದೆ, ಚಲನಶಕ್ತಿಯ ಬಾಬ್ತು 17 ಮಿ.ಮೀ. ಪಾದರಸಕ್ಕೆ. ವ್ಯಾಸ ಒಂದೂವರೆ ಪಟ್ಟಾದರೆ ಈ ವ್ಯಯ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಸಣ್ಣ ರೋಟರ್‌ಗಳು ನಿಮಿಷಕ್ಕೆ 46,000 ಸುತ್ತಿನವರೆಗೆ ತಿರುಗಬೇಕಾಗಿದ್ದರೆ, ಬಿಚ್ಚಿಕೊಳ್ಳುವ ದೊಡ್ಡ ರೋಟರ್‌ಗಳಿಗೆ 20,000 ಸುತ್ತಿನ ಆಸುಪಾಸು ಸಾಕಾಗುತ್ತದೆ.

ಮಡಚುವ ಬಗೆಗಳು

ಈಗಿನ ವಿನ್ಯಾಸಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕೀಲಿನ ಮೇಲೆ ತೆರೆಯುವ ಗಟ್ಟಿ ರೆಕ್ಕೆ. ರೈಟಾನ್‌ನ ಪಂಪ್ ಇದಕ್ಕೆ ಉದಾಹರಣೆ. ರೆಕ್ಕೆಯ ಆಕಾರ ಕೆಡುವುದಿಲ್ಲ, ಆದರೆ ಕೀಲಿನ ಸಂದಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಭಯವಿದೆ. ಎರಡನೆಯದು ಹಬ್‌ಗೆ ಒರಗಿ ಸುತ್ತಿಕೊಳ್ಳುವ ಪಾಲಿಯುರೆಥೇನ್‌ನಂಥ ಮೆತುವಾದ ರೆಕ್ಕೆ. ಮೂರನೆಯದು ಆಕಾರವನ್ನು ನೆನಪಿಟ್ಟುಕೊಳ್ಳುವ ನಿಕ್ಕಲ್–ಟೈಟಾನಿಯಂ ಮಿಶ್ರಲೋಹವಾದ ನಿಟಿನಾಲ್ ತಂತಿಯ ಸುರುಳಿ ಚೌಕಟ್ಟಿಗೆ ತೆಳುವಾದ ಪಾಲಿಮರ್ ಪೊರೆ ಬಿಗಿದ ರೋಟರ್. ಇದನ್ನು ಉದ್ದಕ್ಕೆ ಎಳೆದರೆ ವ್ಯಾಸ ಕುಗ್ಗುತ್ತದೆ, ಬಿಟ್ಟರೆ ಅರಳುತ್ತದೆ. ಮೂರೂ ಬಗೆಯಲ್ಲಿ ರೋಟರ್ ಸುತ್ತ ತಂತಿಜಾಲರಿಯ ಗೂಡು ಇರುತ್ತದೆ. ಅದೂ ರೋಟರ್ ಜೊತೆಗೇ ಮಡಚಿ ಬಿಚ್ಚಿಕೊಳ್ಳುತ್ತದೆ. ಹೃದಯದೊಳಗೆ ಇರಿಸುವ ಪಂಪ್‌ಗಳಲ್ಲಿ ಆ ಜಾಲರಿಗೆ ಪಾಲಿಮರ್ ಹೊದಿಸಿ ರಕ್ತ ಹರಿಯುವ ನಳಿಕೆಯಾಗಿ ಮಾಡಿರುತ್ತಾರೆ. ಎಲ್ಲದರ ಮೇಲೆ ಷೀತ್ ಎಂಬ ಹೊರಕವಚ. ಅದನ್ನು ಹಿಂದಕ್ಕೆ ಎಳೆದಾಗ ಪಂಪ್ ಅರಳುತ್ತದೆ, ಮುಂದಕ್ಕೆ ತಳ್ಳಿದಾಗ ಮುದುಡುತ್ತದೆ.

ಎರಡನೆಯ ಬಗೆಯ ಒಂದು ರೋಟರನ್ನು ಅಳತೆಯಿಟ್ಟು ನೋಡೋಣ. ಹಬ್ಬಿನ ವ್ಯಾಸ 1.6 ಮಿ.ಮೀ., ರೆಕ್ಕೆಯ ಎತ್ತರ 2.2 ಮಿ.ಮೀ., ದಪ್ಪ 0.3 ಮಿ.ಮೀ. ಎಂದಿಟ್ಟುಕೊಂಡರೆ ಬಿಚ್ಚಿದ ರೋಟರ್ 6 ಮಿ.ಮೀ. ಆಗುತ್ತದೆ. ಹಬ್ಬಿನ ಸುತ್ತಳತೆ ಸುಮಾರು 5 ಮಿ.ಮೀ. ಎದುರುಬದುರಿನ ಎರಡು ರೆಕ್ಕೆಗಳು ಸುತ್ತಿಕೊಂಡರೆ 4.4 ಮಿ.ಮೀ. ಜಾಗ ಸಾಕು, ಮಡಚಿದ ರೋಟರ್ 2.2 ಮಿ.ಮೀ.ಗೆ ಇಳಿಯುತ್ತದೆ. ಗೂಡು, ಪೊರೆ, ಷೀತ್ ಸೇರಿದರೂ 3 ಮಿ.ಮೀ., ಅಂದರೆ 9 ಫ್ರೆಂಚ್ ದಾಟದಂತೆ ನೋಡಿಕೊಳ್ಳಬಹುದು. ಅದೇ ಜಾಗದಲ್ಲಿ ಮೂರನೆಯ ರೆಕ್ಕೆ ಸೇರಿಸಿದರೆ 6.6 ಮಿ.ಮೀ. ಬೇಕಾಗುತ್ತದೆ, ರೆಕ್ಕೆಯ ಮೇಲೆ ರೆಕ್ಕೆ ಏರಿ ದಪ್ಪ ಹೆಚ್ಚುತ್ತದೆ. ಹೆಚ್ಚು ರೆಕ್ಕೆ ಬೇಕಾದಾಗ ಅವುಗಳನ್ನು ಅಕ್ಕಪಕ್ಕ ಒತ್ತೊತ್ತಾಗಿ ನಿಲ್ಲಿಸದೆ ಹಬ್ಬಿನ ಉದ್ದಕ್ಕೂ ಸಾಲುಸಾಲಾಗಿ ಜೋಡಿಸುವುದಕ್ಕೆ ಇದೇ ಕಾರಣ. ಪೆನ್ಸಿಲ್ವೇನಿಯಾ ತಂಡದ ಪೇಟೆಂಟಿನಲ್ಲೂ ಈ ಸಾಲುಗಳಿವೆ. ಜೊತೆಗೆ ಸುಲಭವಾಗಿ ಮಡಚಲೆಂದು ರೆಕ್ಕೆಯ ಬುಡದಲ್ಲಿ ಒಂದು ತಗ್ಗು, ರೆಕ್ಕೆಯ ತುದಿಯಲ್ಲಿ ಕಿರು ಅಂಚುಪಟ್ಟಿ ಇವೆ.

ವಸ್ತು ಮತ್ತು ಭಾರ

ಅದೇ 0.3 ಮಿ.ಮೀ. ರೆಕ್ಕೆಯ ಬುಡವನ್ನು 0.4 ಮಿ.ಮೀ. ಒಳತ್ರಿಜ್ಯದಲ್ಲಿ ಬಾಗಿಸಿದರೆ ಹೊರಮೈ ಸುಮಾರು 27%ರಷ್ಟು ಹಿಗ್ಗುತ್ತದೆ. ಉಕ್ಕು ಇದನ್ನು ತಾಳದು. ನಿಟಿನಾಲ್ ಕೂಡ ಸುಮಾರು 8%ರವರೆಗಿನ ಹಿಗ್ಗನ್ನಷ್ಟೇ ಪೂರ್ತಿ ಹಿಂಪಡೆಯಬಲ್ಲದು. ಹೀಗಾಗಿ ರೆಕ್ಕೆಯ ಹಾಳೆಗೆ ರಬ್ಬರಿನಂಥ ಎಲಾಸ್ಟೊಮರ್, ಚೌಕಟ್ಟಿನ ಸಣ್ಣ ತಂತಿಗೆ ನಿಟಿನಾಲ್ ಎಂಬ ಹಂಚಿಕೆ ಸಹಜವಾಗಿ ಬಂದಿದೆ. ಎಲಾಸ್ಟೊಮರ್‌ಗೆ ಇನ್ನೊಂದು ದೌರ್ಬಲ್ಯವಿದೆ: ತಿಂಗಳುಗಟ್ಟಲೆ ಮಡಚಿಟ್ಟರೆ ಮಡಿಕೆ ಅದರಲ್ಲಿ ಕೂತುಬಿಡುತ್ತದೆ. ಗೋದಾಮಿನಲ್ಲಿ ಬಿಚ್ಚಿದ ಸ್ಥಿತಿಯಲ್ಲಿಟ್ಟು, ರೋಗಿಯ ಪಕ್ಕದಲ್ಲೇ ಮಡಚಿ ಷೀತ್‌ಗೆ ಸೇರಿಸುವ ಕ್ರಮ ಇದನ್ನು ತಪ್ಪಿಸುತ್ತದೆ.

ರೆಕ್ಕೆ ಮಡಚುವಷ್ಟು ಮೆತ್ತಗಿರಬೇಕು, ರಕ್ತವನ್ನು ತಳ್ಳುವಾಗ ಬಾಗದಷ್ಟು ಗಟ್ಟಿಯಿರಬೇಕು. ರೆಕ್ಕೆಯ ಎರಡು ಮೈಗಳ ನಡುವೆ 4 ಕಿಲೊಪಾಸ್ಕಲ್ ಒತ್ತಡ ವ್ಯತ್ಯಾಸ, ವಸ್ತುವಿನ ಬಿಗುವು 50 ಮೆಗಾಪಾಸ್ಕಲ್ ಎಂದು ಹಿಡಿದರೆ, ಮೇಲಿನ ರೆಕ್ಕೆಯ ತುದಿ ಸುಮಾರು 0.1 ಮಿ.ಮೀ. ಬಾಗುತ್ತದೆ. ರೆಕ್ಕೆಯ ತುದಿಗೂ ನಳಿಕೆಯ ಗೋಡೆಗೂ ನಡುವೆ ಬಿಡುವ ಸಂದು ಕೂಡ ಇದೇ ಪ್ರಮಾಣದ್ದು. ಸುಲಭವಾಗಿ ಮಡಚಲೆಂದು ದಪ್ಪವನ್ನು ಅರ್ಧಕ್ಕಿಳಿಸಿದರೆ ಬಾಗು ಎಂಟು ಪಟ್ಟಾಗುತ್ತದೆ. ಆದ್ದರಿಂದ ಅಚ್ಚಿನಿಂದ ತೆಗೆದಾಗಿನ ಆಕಾರಕ್ಕೆ ಮಹತ್ವ ಕೊಡದೆ, ತಿರುಗುವಾಗ ರೆಕ್ಕೆ ಪಡೆಯುವ ಆಕಾರವನ್ನು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಅಚ್ಚು ಮಾಡಬೇಕಾಗುತ್ತದೆ. ದ್ರವದ ಹರಿವನ್ನೂ ಘನವಸ್ತುವಿನ ಬಾಗನ್ನೂ ಜೊತೆಯಾಗಿ ಬಿಡಿಸುವ ಗಣಕ ಲೆಕ್ಕಾಚಾರ ಇಲ್ಲಿ ಅನಿವಾರ್ಯ. ನಿಮಿಷಕ್ಕೆ 20,000 ಸುತ್ತಿನ ರೋಟರ್ ಒಂದೇ ದಿನದಲ್ಲಿ 2.88 ಕೋಟಿ ಸುತ್ತು ತಿರುಗುತ್ತದೆ; ಅದರ ಜೊತೆಗೆ ಸುಮಾರು ಒಂದು ಲಕ್ಷ ಹೃದಯಬಡಿತಗಳ ಒತ್ತಡದ ಏರಿಳಿತವನ್ನೂ ಅದೇ ರೆಕ್ಕೆ ತಾಳಬೇಕು.

ರಕ್ತದ ಮೇಲಿನ ಪರಿಣಾಮ

ರಕ್ತ ಬರಿಯ ದ್ರವವಲ್ಲ, ಜೀವಕೋಶಗಳ ಹೊಳೆ. ಅಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಜಾರಿದಾಗ ಉಂಟಾಗುವ ಎಳೆತಕ್ಕೆ ಷಿಯರ್ ಒತ್ತಡ ಎನ್ನುತ್ತಾರೆ. ವಿನ್ಯಾಸಕಾರರು ಸಾಮಾನ್ಯವಾಗಿ ಮೂರು ಮಿತಿಗಳನ್ನು ಗಮನದಲ್ಲಿಡುತ್ತಾರೆ: ಸುಮಾರು 9 ಪಾಸ್ಕಲ್ ಮೀರಿದರೆ ರಕ್ತಸ್ರಾವ ತಡೆಯುವ ವಾನ್ ವಿಲ್‌ಬ್ರಾಂಡ್ ಪ್ರೋಟೀನು ಎಳೆಬಿಚ್ಚಿ ತುಂಡಾಗತೊಡಗುತ್ತದೆ, 50 ಪಾಸ್ಕಲ್ ಮೀರಿದರೆ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ, 150 ಪಾಸ್ಕಲ್ ಮೀರಿದರೆ ಕೆಂಪು ರಕ್ತಕಣಗಳು ಒಡೆಯುವ ಅಪಾಯ. ಒಡೆದ ಕಣಗಳಿಂದ ಹೊರಬಂದ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಎಷ್ಟು ಒತ್ತಡ ಎಂಬುದರಂತೆ ಎಷ್ಟು ಹೊತ್ತು ಎಂಬುದೂ ಮುಖ್ಯ. ಮಿಲಿಸೆಕೆಂಡುಗಳಲ್ಲಿ ದಾಟಿಹೋಗುವ ಕಣ ಹೆಚ್ಚಿನ ಒತ್ತಡವನ್ನೂ ಸಹಿಸುತ್ತದೆ.

4 ಮಿ.ಮೀ. ರೋಟರ್ 46,000 ಸುತ್ತಿನಲ್ಲಿ ತಿರುಗಿದರೆ ರೆಕ್ಕೆಯ ತುದಿವೇಗ ಸೆಕೆಂಡಿಗೆ 9.6 ಮೀಟರ್. 0.1 ಮಿ.ಮೀ. ಸಂದಿನಲ್ಲಿ ಷಿಯರ್ ಒತ್ತಡ ಸುಮಾರು 340 ಪಾಸ್ಕಲ್ ಆಗುತ್ತದೆ. 6 ಮಿ.ಮೀ. ರೋಟರ್ 20,000 ಸುತ್ತಿನಲ್ಲಿ ತಿರುಗಿದರೆ ತುದಿವೇಗ 6.3 ಮೀಟರ್, ಒತ್ತಡ ಸುಮಾರು 220 ಪಾಸ್ಕಲ್. ಲಾಭ ಸ್ಪಷ್ಟ. ಆದರೆ ಬಿಚ್ಚಿಕೊಳ್ಳುವ ಪಂಪ್‌ನ ನಳಿಕೆ ಯಂತ್ರದಲ್ಲಿ ಕೊರೆದಷ್ಟು ನಿಖರವಾದ ವೃತ್ತವಲ್ಲ. ಹೃದಯ ಅದನ್ನು ಒತ್ತುತ್ತದೆ, ಕವಾಟ ಅದನ್ನು ಹಿಡಿಯುತ್ತದೆ, ಅದು ಒಂದು ಕಡೆ ಚಪ್ಪಟೆಯಾಗಬಹುದು. ಸಂದು ಕಿರಿದಾದಲ್ಲಿ ರಕ್ತಕಣ ಒಡೆಯುತ್ತದೆ, ಅಗಲವಾದಲ್ಲಿ ತಳ್ಳಿದ ರಕ್ತ ಸಂದಿನಿಂದ ಹಿಂದಕ್ಕೆ ಸೋರುತ್ತದೆ. ಈ ಎರಡರ ನಡುವಿನ ಇಕ್ಕಟ್ಟಾದ ಜಾಗದಲ್ಲೇ ವಿನ್ಯಾಸಕಾರನ ಕೌಶಲ ತೋರಬೇಕು.

ಚಾಲನೆ ಮತ್ತು ಹಿಂಪಡೆಯುವಿಕೆ

ಮಡಚಬಲ್ಲ ಮೋಟರ್ ಇಲ್ಲ. 3 ಮಿ.ಮೀ. ದಾರಿಯಲ್ಲಿ ಸಾಕಷ್ಟು ಬಲದ ಮೋಟರನ್ನು ಕಳಿಸುವುದು ಕಷ್ಟವಾದ್ದರಿಂದ ಬಿಚ್ಚಿಕೊಳ್ಳುವ ಪಂಪ್‌ಗಳು ಹೆಚ್ಚಾಗಿ ಹೀಮೋಪಂಪ್‌ನ ಹಳೆಯ ದಾರಿಗೇ ಮರಳಿವೆ: ಮೋಟರ್ ಹೊರಗೆ, ಬಾಗುವ ಕೇಬಲ್ ಒಳಗೆ. ತೊಡೆಯಿಂದ ಹೃದಯದವರೆಗೆ ಹೋಗಿ ಕಮಾನಿನಲ್ಲಿ ಬಾಗಿ ತಿರುಗುವ ಈ ಕೇಬಲ್ ಬಿಸಿಯಾಗಬಾರದು, ಸವೆಯಬಾರದು, ಬೇರಿಂಗಿನೊಳಗೆ ರಕ್ತ ನುಗ್ಗಬಾರದು. ಅದಕ್ಕಾಗಿ ಕ್ಯಾಥೆಟರ್ ಮೂಲಕ ಶುದ್ಧ ದ್ರವವನ್ನು ಸಣ್ಣ ಪ್ರಮಾಣದಲ್ಲಿ ಸತತವಾಗಿ ಹಾಯಿಸುತ್ತಾರೆ.

ಬಿಚ್ಚುವುದಕ್ಕಿಂತ ಮತ್ತೆ ಮಡಚಿ ಹೊರತೆಗೆಯುವುದು ಕಠಿಣ. ಕೆಲವು ದಿನ ರಕ್ತದಲ್ಲಿದ್ದ ರೆಕ್ಕೆಯ ಬುಡದಲ್ಲೋ ಜಾಲರಿಯಲ್ಲೋ ಹೆಪ್ಪು ಕೂತಿದ್ದರೆ ಮಡಚುವಾಗ ಅದು ಕಳಚಿ ಮಿದುಳಿನ ಕಡೆ ಹೋಗುವ ಅಪಾಯವಿದೆ. ಷೀತ್ ಜಾರಿಸಲು ಬೇಕಾದ ಬಲ ಹೆಚ್ಚಾದರೆ ಪಂಪ್ ಸ್ಥಾನ ತಪ್ಪಿ ಹೃದಯದ ಒಳಗೋಡೆಯನ್ನು ಕೆರೆಯಬಹುದು. ರೆಕ್ಕೆಗಳು ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ ಮಡಚಿಕೊಳ್ಳುವಂತೆ ಬುಡದ ಕೋನ ಮತ್ತು ಜಾಲರಿಯ ಇಳಿಜಾರನ್ನು ರೂಪಿಸಬೇಕು.

ಪರೀಕ್ಷೆ ಮತ್ತು ಚಿಕಿತ್ಸಾ ಫಲ

ಪ್ರಯೋಗಾಲಯದಲ್ಲಿ ಮೊದಲು ನೀರು–ಗ್ಲಿಸರಿನ್ ಮಿಶ್ರಣವನ್ನು ರಕ್ತದಷ್ಟೇ ಸ್ನಿಗ್ಧವಾಗುವಂತೆ ಬೆರೆಸಿ, ಕೃತಕ ರಕ್ತಸಂಚಾರ ಮಂಡಲದಲ್ಲಿ ಹರಿವನ್ನೂ ಒತ್ತಡವನ್ನೂ ಅಳೆಯುತ್ತಾರೆ. ಆಮೇಲೆ ದನ ಅಥವಾ ಹಂದಿಯ ರಕ್ತವನ್ನು ಗಂಟೆಗಟ್ಟಲೆ ಸುತ್ತಿಸಿ, ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ ಎಷ್ಟೆಂದು ನೋಡುತ್ತಾರೆ. ಈ ಪರೀಕ್ಷೆಗೆ ಎಎಸ್‌ಟಿಎಂ ಎಫ್ 1841 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಪ್ರಾಣಿಪ್ರಯೋಗ, ಆಮೇಲೆ ರೋಗಿಗಳ ಮೇಲಿನ ಅಧ್ಯಯನ ಮುಂದಿನ ಹಂತಗಳು.

ಕ್ಯಾಥೆಟರ್ ಪಂಪ್‌ನಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2024ರಲ್ಲಿ ಪ್ರಕಟವಾದ ಡ್ಯಾಂಜರ್ ಶಾಕ್ ಅಧ್ಯಯನದಿಂದ. ಡೆನ್ಮಾರ್ಕ್, ಜರ್ಮನಿ ಮತ್ತು ಬ್ರಿಟನ್ನಿನಲ್ಲಿ, ತೀವ್ರ ಹೃದಯಾಘಾತದ ನಂತರ ಶಾಕ್‌ಗೆ ಜಾರಿದ ಆಯ್ದ ರೋಗಿಗಳಲ್ಲಿ ಇಂಪೆಲ್ಲಾ ಸಿಪಿಯನ್ನು ಪರೀಕ್ಷಿಸಲಾಯಿತು. 180 ದಿನಗಳಲ್ಲಿ ಪಂಪ್ ಪಡೆದವರಲ್ಲಿ 45.8% ಮಂದಿ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 58.5% ಮಂದಿ ತೀರಿಕೊಂಡಿದ್ದರು. ಆದರೆ ಈ ಲಾಭಕ್ಕೆ ತೆತ್ತ ಬೆಲೆಯೂ ದೊಡ್ಡದು. ತೀವ್ರ ರಕ್ತಸ್ರಾವ 11.9%ರಿಂದ 21.8%ಕ್ಕೂ, ಕಾಲಿಗೆ ರಕ್ತ ಹರಿಯದ ತೊಂದರೆ 1.1%ರಿಂದ 5.6%ಕ್ಕೂ ಏರಿತು. ಡಯಾಲಿಸಿಸ್‌ನಂಥ ಮೂತ್ರಪಿಂಡದ ಚಿಕಿತ್ಸೆಯೂ ಹೆಚ್ಚು ಮಂದಿಗೆ ಬೇಕಾಯಿತು.

ಬಿಚ್ಚಿಕೊಳ್ಳುವ ರೋಟರ್‌ಗೆ ಕೆಲಸವಿರುವುದು ಈ ಅಂಕಿಗಳಲ್ಲೇ. ತೊಡೆಸಂದಿನ ಅಪಧಮನಿ ಹಲವರಲ್ಲಿ 6ರಿಂದ 8 ಮಿ.ಮೀ. ಇರುತ್ತದೆ, ಹೆಂಗಸರಲ್ಲಿ, ಸಣ್ಣ ಮೈಕಟ್ಟಿನವರಲ್ಲಿ, ಸಕ್ಕರೆ ಕಾಯಿಲೆಯಿಂದ ನಾಳ ಗಡುಸಾದವರಲ್ಲಿ ಇನ್ನೂ ಕಿರಿದು. ಅಂಥ ನಾಳದಲ್ಲಿ 4.7 ಮಿ.ಮೀ. ಸಾಧನ ಕೂತರೆ ಕಾಲಿಗೆ ಹೋಗುವ ರಕ್ತಕ್ಕೆ ಉಳಿಯುವ ಜಾಗ ಸ್ವಲ್ಪವೇ. 3 ಮಿ.ಮೀ. ಸಾಧನ ಪಕ್ಕದಲ್ಲಿ ಹರಿವಿಗೆ ದಾರಿ ಬಿಡುತ್ತದೆ, ತೆಗೆದ ಮೇಲೆ ರಂಧ್ರ ಮುಚ್ಚುವುದೂ ಸುಲಭ. ಈ ತರ್ಕ ರೋಗಿಗಳಲ್ಲಿ ಎಷ್ಟು ನಿಜವಾಗುತ್ತದೆ ಎಂಬುದನ್ನು ಮಡಚುವ ಪಂಪ್‌ಗಳ ದೊಡ್ಡ ಅಧ್ಯಯನಗಳೇ ಹೇಳಬೇಕು.

ಭಾರತ, ಕರ್ನಾಟಕ ಮತ್ತು ಗದಗ ಜಿಲ್ಲೆ

ಹೃದಯದ ಸಾಧನಗಳನ್ನು ತಾನೇ ತಯಾರಿಸುವ ಅನುಭವ ಭಾರತಕ್ಕಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಕೃತಕ ಕವಾಟ 1990ರಲ್ಲಿ ಮೊದಲ ರೋಗಿಯ ಹೃದಯ ಸೇರಿತು. ಅದೇ ನಗರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಟೈಟಾನಿಯಂ ಮಿಶ್ರಲೋಹದ ಹೃದಯ ಸಹಾಯಕ ಪಂಪ್‌ನ ಮಾದರಿ ತಯಾರಿಸಿತು; ಹಂದಿಗಳ ಮೇಲೆ ಅದರ ಪರೀಕ್ಷೆಯೂ ನಡೆಯಿತು. ಐಐಟಿ ಕಾನ್ಪುರದಲ್ಲಿ ಹೃದ್ಯಂತ್ರ ಎಂಬ ಕೃತಕ ಹೃದಯ ಯೋಜನೆ ನಡೆಯುತ್ತಿದೆ. ಕರ್ನಾಟಕದಲ್ಲಿ 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದ ವೈದ್ಯರು ಆಸ್ಟ್ರೇಲಿಯಾ ನಿರ್ಮಿತ ವೆಂಟ್ರಅಸಿಸ್ಟ್ ಪಂಪನ್ನು ರೋಗಿಗೆ ಅಳವಡಿಸಿದರು. ಇವೆಲ್ಲ ಎದೆ ತೆರೆದು ಕೂರಿಸುವ ಸಾಧನಗಳು. ಆದರೂ ರೋಟರ್, ಬೇರಿಂಗ್, ರಕ್ತಕಣಗಳ ರಕ್ಷಣೆ ಕುರಿತ ಅರಿವು ಮಡಚುವ ಪಂಪ್‌ಗೂ ಬೇಕಾದದ್ದೇ. ಜೆಟ್ ಎಂಜಿನ್ನಿನ ಅಕ್ಷೀಯ ಹರಿವಿನ ಯಂತ್ರಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಂಥ ಸಂಸ್ಥೆಗಳ ಜ್ಞಾನವೂ ಇದೇ ಶಾಸ್ತ್ರದ ಕವಲು.

ಇಂಥ ಪಂಪ್‌ನ ಅರ್ಥ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ದೂರ ಮತ್ತು ಸಮಯದ ಪ್ರಶ್ನೆಯಾಗುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಗೆ 2015ರಲ್ಲಿ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಹಾಗಿದ್ದರೂ ಜಟಿಲ ಹೃದಯ ಚಿಕಿತ್ಸೆಗೆ ಇಲ್ಲಿನವರು ಹೆಚ್ಚಾಗಿ ಹುಬ್ಬಳ್ಳಿ–ಧಾರವಾಡದ ಕಡೆಗೇ ನೋಡುತ್ತಾರೆ. ಹೆದ್ದಾರಿಯ ಮೇಲಿರುವ ನರಗುಂದದಿಂದ ಹುಬ್ಬಳ್ಳಿ ಸುಮಾರು 55 ಕಿ.ಮೀ. ಗುಡ್ಡದ ತಪ್ಪಲಿನ ಗಜೇಂದ್ರಗಡದಿಂದ ಗದಗ ದಾಟಿ ಹುಬ್ಬಳ್ಳಿ ಸೇರಲು ಅದರ ಇಮ್ಮಡಿ ದಾರಿ. ಎದೆನೋವು ಶುರುವಾದ ಮೇಲೆ ಕಳೆದ ಪ್ರತಿ ಗಂಟೆಗೂ ಹೃದಯಸ್ನಾಯು ಸಾಯುತ್ತ ಹೋಗುತ್ತದೆ. ತಡವಾಗಿ ತಲುಪಿದವರಲ್ಲೇ ಶಾಕ್ ಹೆಚ್ಚು. ಜಯದೇವ ಹೃದ್ರೋಗ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ರಾಜ್ಯ ಸರ್ಕಾರ ರೂಪಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ವಿಳಂಬವನ್ನು ಮುರಿಯುವ ಪ್ರಯತ್ನ: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ.

ಹಲವು ಲಕ್ಷ ರೂಪಾಯಿಯ ಆಮದು ಪಂಪ್ ಈ ವ್ಯವಸ್ಥೆಯ ಜಾಗ ತುಂಬಲಾರದು. ಮೊದಲ ಇಸಿಜಿ ಮತ್ತು ಮೊದಲ ಚುಚ್ಚುಮದ್ದು ಇನ್ನೂ ಹೆಚ್ಚು ಜೀವ ಉಳಿಸುತ್ತವೆ. ಆದರೆ ಅವೆರಡೂ ಸಿಕ್ಕ ಮೇಲೂ ಶಾಕ್‌ಗೆ ಜಾರುವವರು ಇದ್ದೇ ಇರುತ್ತಾರೆ. ಅವರಿಗಾಗಿ ಮಡಚುವ ಪಂಪ್ ದೊಡ್ಡ ನಗರದ ಗೋಡೆಗಳಾಚೆ ಬರಬೇಕಾದರೆ ಮೂರು ಗುಣ ಬೇಕು: ಶಸ್ತ್ರಚಿಕಿತ್ಸಕನಿಲ್ಲದೆಯೂ ಆಂಜಿಯೋಪ್ಲಾಸ್ಟಿ ಬಲ್ಲ ವೈದ್ಯನೇ ಕೂರಿಸುವಷ್ಟು ಸಣ್ಣ ವ್ಯಾಸ, ಆಂಬ್ಯುಲೆನ್ಸ್ ಕುಲುಕಿದರೂ ಕದಲದ ಭದ್ರತೆ, ಜಿಲ್ಲಾ ಆಸ್ಪತ್ರೆಗೆ ಎಟುಕುವ ಬೆಲೆ. ಮೊದಲ ಎರಡನ್ನು ರೆಕ್ಕೆ, ಜಾಲರಿ, ಕೇಬಲ್‌ಗಳ ವಿನ್ಯಾಸ ಒದಗಿಸಬಲ್ಲದು. ಮೂರನೆಯದಕ್ಕೆ ಈ ಸಾಧನಗಳು ನಮ್ಮಲ್ಲೇ ತಯಾರಾಗಬೇಕು. ಸ್ವದೇಶಿ ಕವಾಟ ತಯಾರಿಸಿದ ದೇಶಕ್ಕೆ ಅದು ಅಸಾಧ್ಯವೇನಲ್ಲ. ರಕ್ತಪಂಪ್‌ಗಳ ಸಂಶೋಧನೆಗೆ ಸಾರ್ವಜನಿಕ ಹಣ ಮತ್ತು ತಾಳ್ಮೆ ಎರಡನ್ನೂ ತೊಡಗಿಸಬೇಕಾದುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.